ಬೆನ್ನುಡಿ ಹೇಳದ ಮಾತು

'ಹೊಸದಾಗಿ ಯಾವುದು ಬಂದಿದೆ, ಯಾವುದು ಚೆನ್ನಾಗಿದೆ?' ಪುಸ್ತಕದಂಗಡಿಯಲ್ಲಿ ಕೆಲಸ ಮಾಡುವವರು ದಿನವೂ ಕೇಳಿಸಿಕೊಳ್ಳುವ ಪ್ರಶ್ನೆ ಇದು. ಉತ್ತರ ಕೊಡಲು ಹಿಂಜರಿಯುವ ಪ್ರಶ್ನೆಯೂ ಹೌದು. ಕನ್ನಡದಲ್ಲಿ ಪುಸ್ತಕಕ್ಕೇನೂ ಬರವಿಲ್ಲ. ವರ್ಷಕ್ಕೆ ಸಾವಿರಗಟ್ಟಲೆ ಹೊಸ ಪುಸ್ತಕಗಳು ಅಚ್ಚಾಗುತ್ತವೆ. ಭಾನುವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಒಂದೇ ಹೊತ್ತಿಗೆ ಹಲವು ಬಿಡುಗಡೆ ಸಮಾರಂಭಗಳು ನಡೆಯುತ್ತವೆ. ಎಲ್ಲ ಕಡೆಯೂ ಉಪ್ಪಿಟ್ಟು, ಕೇಸರಿಬಾತು, ಎಲ್ಲ ಕಡೆಯೂ 'ಕನ್ನಡಕ್ಕೆ ಅಪರೂಪದ ಕೊಡುಗೆ'. ಮುನ್ನುಡಿಯಲ್ಲೊಮ್ಮೆ, ಬೆನ್ನುಡಿಯಲ್ಲೊಮ್ಮೆ, ವೇದಿಕೆಯ ಮೇಲೊಮ್ಮೆ ಹೊಗಳಿಸಿಕೊಳ್ಳದ ಪುಸ್ತಕವೇ ಇಲ್ಲ. ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಅದಕ್ಕೆ ಸಿಗುವುದು ನಾಲ್ಕು ಸಾಲಿನ ಪರಿಚಯ, ಇಲ್ಲವೇ 'ಸಾದರ ಸ್ವೀಕಾರ'ದ ಪಟ್ಟಿಯಲ್ಲಿ ಒಂದು ಸಾಲು. ಎಲ್ಲವೂ ಓದಲೇಬೇಕಾದ ಕೃತಿಗಳೇ ಆದಮೇಲೆ ಓದುಗ ಕೈ ಚೆಲ್ಲುತ್ತಾನೆ, ಮನೆಗೆ ಹೋಗಿ ತೇಜಸ್ವಿಯವರ 'ಕರ್ವಾಲೊ'ವನ್ನೇ ಮತ್ತೊಮ್ಮೆ ಓದುತ್ತಾನೆ. ಅದರಲ್ಲಿ ನಷ್ಟವೇನೂ ಇಲ್ಲ ಬಿಡಿ.

ನನ್ನ ತಕರಾರು ಹೊಗಳಿಕೆಯ ಬಗ್ಗೆ ಅಲ್ಲ. ಪುಸ್ತಕವನ್ನು ಶಿಫಾರಸು ಮಾಡುವವರು ಎರಡು ಮಾತು ಹೇಳಬೇಕು: ಇದು ಯಾರಿಗೆ, ಮತ್ತೆ ಯಾರಿಗಲ್ಲ. ಮೊದಲನೆಯದನ್ನು 'ಎಲ್ಲರಿಗೂ' ಎಂದು ಮುಗಿಸಿಬಿಡುತ್ತೇವೆ. ಎರಡನೆಯದನ್ನು ಹೇಳಿದರೆ ಲೇಖಕರಿಗೆ ಬೇಸರ, ಪ್ರಕಾಶಕರಿಗೆ ಸಿಟ್ಟು. ಮುಂದಿನ ಸಮಾರಂಭದ ಕರೆಯೋಲೆಯಲ್ಲಿ ನಮ್ಮ ಹೆಸರು ಇರುವುದಿಲ್ಲ. ಹಾಗಾಗಿ ಸುಮ್ಮನಿರುತ್ತೇವೆ.

ಈ ಕೆಲಸ ಮಾಡುವವರು ಹಿಂದೆ ಇದ್ದರು. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ಅಲೆದು ಮಾರಿದ ಸಂಗತಿ ಎಲ್ಲರೂ ಕೇಳಿದ್ದೇ. ಬರೆದವರೇ ಬಾಗಿಲಿಗೆ ಬಂದು ನಿಂತರೆ ದಾಕ್ಷಿಣ್ಯಕ್ಕಾದರೂ ಜನ ಕೊಳ್ಳುತ್ತಾರೆ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆಯದು ಬೇರೆ ದಾರಿ. ಓದುಗರು ಮೊದಲೇ ಚಂದಾ ಕಟ್ಟುತ್ತಿದ್ದರು, ಪುಸ್ತಕ ಮನೆಗೆ ಬರುತ್ತಿತ್ತು. ಯಾವ ಪುಸ್ತಕ ಬರುತ್ತದೆಂದು ಅವರು ಕೇಳುತ್ತಿರಲಿಲ್ಲ. ಜೋಶಿಯವರ 'ಅಟ್ಟ'ದಲ್ಲಿ ಕೂತು ಹಸ್ತಪ್ರತಿ ಓದುತ್ತಿದ್ದ ಕೀರ್ತಿನಾಥ ಕುರ್ತಕೋಟಿಯವರಂಥವರ ರುಚಿಯನ್ನು ನಂಬಿ ಹಣ ಕೊಡುತ್ತಿದ್ದರು. ಗಿರೀಶ ಕಾರ್ನಾಡರು ಯಾರೆಂದೇ ಜನಕ್ಕೆ ಗೊತ್ತಿಲ್ಲದಿದ್ದಾಗ, 1961ರಲ್ಲಿ, 'ಯಯಾತಿ' ಆ ಮನೆಗಳನ್ನು ತಲುಪಿದ್ದು ಹೀಗೆ.

ಇನ್ನೊಬ್ಬರು ಬೀದಿಯಲ್ಲಿದ್ದರು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಪೇಟೆಗಳಲ್ಲೆಲ್ಲ ಇದ್ದ ಸರ್ಕ್ಯುಲೇಟಿಂಗ್ ಲೈಬ್ರರಿಯ ಮಾಲೀಕರಿಗೆ ಯಾವ ಮನೆಯವರು ತ್ರಿವೇಣಿ ಓದುತ್ತಾರೆ, ಯಾರಿಗೆ ಸಾಯಿಸುತೆ ಬೇಕು, ಯಾವ ಹುಡುಗ ಎನ್. ನರಸಿಂಹಯ್ಯನವರ ಪತ್ತೇದಾರಿಯ ಹೊರತು ಇನ್ನೇನನ್ನೂ ಮುಟ್ಟುವುದಿಲ್ಲ ಎಂಬುದು ಬಾಯಿಪಾಠವಾಗಿತ್ತು. 'ಅಮ್ಮಾ, ಇದು ನಿಮಗೆ ಹಿಡಿಸಲ್ಲ, ಬಿಡಿ' ಎಂದು ಹೇಳುವ ಧೈರ್ಯ ಅವರಿಗಿತ್ತು, ಯಾಕೆಂದರೆ ನಾಳೆಯೂ ಅದೇ ಗಿರಾಕಿ ಬರಬೇಕಿತ್ತು. ಮಂಗಳೂರಿನ ಅತ್ರಿ ಬುಕ್ ಸೆಂಟರಿನಲ್ಲಿ ಜಿ.ಎನ್. ಅಶೋಕವರ್ಧನರು 1975ರಿಂದ 2012ರಲ್ಲಿ ಬಾಗಿಲು ಹಾಕುವವರೆಗೂ ನಡೆಸಿದ್ದು ಇಂಥದೇ ವ್ಯಾಪಾರ. ಅಂಗಡಿಯವನು ಪುಸ್ತಕ ಓದಿರಬೇಕು ಎಂಬುದು ಅವರ ಹಟವಾಗಿತ್ತು. ಸಗಟು ಖರೀದಿಯನ್ನು ನೆಚ್ಚಿದ ಪ್ರಕಟಣೆಯ ವಿರುದ್ಧ ಅವರು ಬರೆದೂ ಇದ್ದಾರೆ, ಜಗಳವನ್ನೂ ಆಡಿದ್ದಾರೆ.

ಆ ಸಗಟು ಖರೀದಿಯ ಕತೆ ಇಲ್ಲಿ ಹೇಳಲೇಬೇಕು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ, ಆ ಹಣದಲ್ಲಿ ಇಲಾಖೆ ಪುಸ್ತಕ ಕೊಳ್ಳುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಸಾವಿರ ಪ್ರತಿ ಅಚ್ಚು ಹಾಕಿ, ಮುನ್ನೂರು ಪ್ರತಿಯನ್ನು ಗ್ರಂಥಾಲಯಕ್ಕೆ ಕೊಟ್ಟು, ಉಳಿದದ್ದನ್ನು ಲೇಖಕರಿಗೂ ನೆಂಟರಿಗೂ ಹಂಚಿದರೆ ಅಚ್ಚಿನ ಖರ್ಚು ಹುಟ್ಟುವಂತಾದಾಗ ಓದುಗ ಬೇಕಾಗಿಯೇ ಇಲ್ಲ. ಓದುಗ ಬೇಡವಾದ ಕಡೆ ಶಿಫಾರಸು ಯಾರಿಗೆ ಬೇಕು? ಬೆನ್ನುಡಿಯನ್ನು ಗ್ರಾಹಕರಿಗಾಗಿ ಬರೆಯುವುದು ನಿಂತು, ಆಯ್ಕೆ ಸಮಿತಿಗೂ ಲೇಖಕರ ಮನೆಯವರಿಗೂ ಬರೆಯುವ ರೂಢಿ ಬಂದದ್ದು ಹೀಗೆಂದು ನನ್ನ ಅನುಮಾನ.

ಖರೀದಿ ತಡವಾಗತೊಡಗಿದ ಮೇಲೆ, ಬಿಲ್ಲಿನ ಹಣ ವರ್ಷಗಟ್ಟಲೆ ಬಾರದಾದ ಮೇಲೆ ಕೆಲವು ಪ್ರಕಾಶಕರು ಓದುಗರನ್ನು ಹುಡುಕಿಕೊಂಡು ಹೊರಟರು. ವಸುಧೇಂದ್ರರ ಛಂದ ಪುಸ್ತಕ ಹೊಸ ಕತೆಗಾರರಿಗೆ ಹಸ್ತಪ್ರತಿ ಸ್ಪರ್ಧೆ ಇಟ್ಟಿತು. ಗಾಂಧಿಬಜಾರಿನ ಅಂಕಿತ ಪುಸ್ತಕ ಅಂಗಡಿಯೂ ಆಯಿತು, ಪ್ರಕಾಶನವೂ ಆಯಿತು. ವೀರಲೋಕದವರು ಪುಸ್ತಕ ಸಂತೆ ನಡೆಸುತ್ತಾರೆ. ಬುಕ್ ಬ್ರಹ್ಮ ಜಾಲತಾಣದಲ್ಲಿ ಹೊಸ ಪುಸ್ತಕಗಳ ವಿವರ ಸಿಗುತ್ತದೆ, ಮೈಲ್ಯಾಂಗ್ ಆ್ಯಪಿನಲ್ಲಿ ಇ-ಪುಸ್ತಕವೂ ಕೇಳುಪುಸ್ತಕವೂ ಇವೆ. ಶಿವಮೊಗ್ಗದ ಅಹರ್ನಿಶಿ, ಗದಗಿನ ಲಡಾಯಿ, ಚನ್ನಪಟ್ಟಣದ ಪಲ್ಲವ, ಇವರೆಲ್ಲ ಬೆಂಗಳೂರಿನ ಹಂಗಿಲ್ಲದೆ ವಾಟ್ಸ್ಆ್ಯಪಿನಲ್ಲಿ ಆರ್ಡರ್ ತೆಗೆದುಕೊಂಡು ಅಂಚೆಗೆ ಹಾಕುತ್ತಾರೆ. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಅಗ್ಗದ ರಿಜಿಸ್ಟರ್ಡ್ ಬುಕ್‌ಪೋಸ್ಟ್ ಸೌಲಭ್ಯವನ್ನು ಸದ್ದಿಲ್ಲದೆ ತೆಗೆದುಹಾಕಿದಾಗ ಏಟು ಬಿದ್ದದ್ದು ಇಂಥವರಿಗೇ.

2022ರಲ್ಲಿ ದೇವನೂರ ಮಹಾದೇವರ 'ಆರ್‌ಎಸ್‌ಎಸ್: ಆಳ ಮತ್ತು ಅಗಲ' ಎಂಬ ಕಿರುಹೊತ್ತಿಗೆ ಬಂದಾಗ ಈ ಎಲ್ಲ ಲೆಕ್ಕವೂ ತಲೆಕೆಳಗಾಯಿತು. ಒಬ್ಬ ಪ್ರಕಾಶಕರಿಗೆ ಕೊಡದೆ ಹಲವರಿಗೆ ಒಟ್ಟಿಗೇ ಅಚ್ಚು ಹಾಕಲು ಬಿಟ್ಟರು. ಬೆಲೆ 40 ರೂಪಾಯಿ. ಮೆಚ್ಚಿದವರು ಕಟ್ಟುಗಟ್ಟಲೆ ಕೊಂಡು ಹಂಚಿದರು, ಸಿಟ್ಟಾದವರು ಬೈಯುತ್ತಲೇ ಕೊಂಡು ಓದಿದರು. ಅದಕ್ಕೂ ಮೊದಲು, 2007ರಲ್ಲಿ, ಎಸ್.ಎಲ್. ಭೈರಪ್ಪನವರ 'ಆವರಣ'ದ ಮೊದಲ ಮುದ್ರಣ ಬಿಡುಗಡೆಗೆ ಮುಂಚೆಯೇ ಖಾಲಿಯಾಗಿತ್ತು. ಜಗಳಕ್ಕಿಂತ ದೊಡ್ಡ ಶಿಫಾರಸಿಲ್ಲ. ಆದರೆ ಎಲ್ಲ ಪುಸ್ತಕಕ್ಕೂ ಜಗಳ ಹುಟ್ಟುವುದಿಲ್ಲವಲ್ಲ.

ಇನ್ನೊಂದು ಬಗೆಯ ಶಿಫಾರಸು ಕಡಲಾಚೆಯಿಂದ ಬರುತ್ತದೆ. 2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕರ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಅನುವಾದಕಿ ಮಡಿಕೇರಿಯ ದೀಪಾ ಭಾಸ್ತಿ. ಕನ್ನಡಕ್ಕೆ ಇದು ಮೊದಲು, ಕಥಾಸಂಕಲನವೊಂದಕ್ಕೂ ಮೊದಲು. ಮರುದಿನದಿಂದ ಅಂಗಡಿಗಳಲ್ಲಿ ಬಾನು ಅವರ ಕನ್ನಡ ಪುಸ್ತಕ ಕೇಳುವವರ ಸಾಲು. ಆ ಕತೆಗಳಾದರೋ 1990ರಿಂದಲೂ ಇದ್ದವು. ಗಿರೀಶ ಕಾಸರವಳ್ಳಿಯವರು 'ಕರಿ ನಾಗರಗಳು' ಕತೆಯಿಂದ 'ಹಸೀನಾ' ಸಿನಿಮಾ ಮಾಡಿಯೂ ಎರಡು ದಶಕ ಕಳೆದಿತ್ತು. ಹಾಸನದ ಲೇಖಕಿಯನ್ನು ಮಂಡ್ಯದ ಓದುಗನಿಗೆ ಪರಿಚಯಿಸಲು ಲಂಡನ್ನಿನವರು ಬೇಕಾದರೆಂದು ನಗುವುದೋ, ಅಂತೂ ಪರಿಚಯವಾಯಿತಲ್ಲ ಎಂದು ಸಮಾಧಾನ ಪಡುವುದೋ! ನಾನು ಎರಡನ್ನೂ ಮಾಡಿದ್ದೇನೆ.

ಹೊಸಬರು ಅವರನ್ನು ಎಲ್ಲಿಂದ ಆರಂಭಿಸಬೇಕೆಂದರೆ 'ಕರಿ ನಾಗರಗಳು' ಕತೆಯಿಂದಲೇ ಎನ್ನುತ್ತೇನೆ. ಮೂರು ಹೆಣ್ಣು ಹೆತ್ತಳೆಂದು ಗಂಡ ಬಿಟ್ಟುಹೋದ ಅಶ್ರಫ್, ಅವಳಿಗೆ ನ್ಯಾಯ ಕೊಡಬೇಕಾದ ಮಸೀದಿಯ ಮುತವಲ್ಲಿ, ಸುತ್ತ ನೋಡುತ್ತ ನಿಂತ ಹೆಂಗಸರು. ನ್ಯಾಯ ಸಿಗದ ಕಡೆ ಸಿಟ್ಟು ಹೇಗೆ ಹರಿದಾಡುತ್ತದೆ ಎಂಬುದನ್ನು ಇಷ್ಟು ಬಿಗಿಯಾಗಿ ಹೇಳಿದ ಕತೆಗಳು ಕಡಿಮೆ. ಒಂದೇ ಉಸಿರಿಗೆ ಇಡೀ ಸಂಕಲನ ಓದಬೇಡಿ. ಸಂಕಟದ ಬಗೆ ಒಂದನ್ನೊಂದು ಹೋಲುವುದರಿಂದ ನಾಲ್ಕನೆಯ ಕತೆಗೆ ಬರುವಷ್ಟರಲ್ಲಿ ಮೊದಲನೆಯದರ ಮೊನೆ ಮೊಂಡಾಗುತ್ತದೆ. ವಾರಕ್ಕೊಂದು ಸಾಕು.

ವಿವೇಕ ಶಾನಭಾಗರ 'ಘಾಚರ್ ಘೋಚರ್' ಶ್ರೀನಾಥ್ ಪೆರೂರರ ಇಂಗ್ಲಿಷಿನಲ್ಲಿ ಅಮೆರಿಕದವರೆಗೂ ಹೋಗಿ ಬಂದಿದೆ, ಅದನ್ನು ಇನ್ನು ನಾನು ಹೇಳಬೇಕಾಗಿಲ್ಲ. 2021ರಲ್ಲಿ ಅಕ್ಷರ ಪ್ರಕಾಶನದಿಂದ ಬಂದ ಅವರ 'ಸಕೀನಾಳ ಮುತ್ತು' ಬಗ್ಗೆ ಹೇಳಬೇಕು. ಬೆಂಗಳೂರಿನ ಮಧ್ಯಮ ವರ್ಗದ ಅಪ್ಪ, ಅಮ್ಮ, ಕಾಲೇಜು ಓದುವ ಮಗಳು; ಒಂದು ದಿನ ಮಗಳನ್ನು ಕೇಳಿಕೊಂಡು ಹುಡುಗರು ಬಾಗಿಲು ತಟ್ಟುತ್ತಾರೆ. ಅಪ್ಪ ವೆಂಕಟನೇ ಕತೆ ಹೇಳುವವನು. ತಾನು ಸಭ್ಯ, ಉದಾರಿ ಎಂದು ಅವನು ನಂಬಿದ್ದಾನೆ, ನಮಗೆ ಪುಟಪುಟಕ್ಕೂ ಬೇರೆಯೇ ಕಾಣುತ್ತದೆ. ಮನೆಯೊಳಗಿನ ಗಂಡಸಿನ ಅಧಿಕಾರದ ಬಗ್ಗೆ ಇತ್ತೀಚೆಗೆ ಬಂದ ಕಾದಂಬರಿಗಳಲ್ಲಿ ನನಗೆ ಅತ್ಯಂತ ಚುರುಕೆನಿಸಿದ್ದು ಇದು. ಆದರೆ 'ಕೊನೆಗೆ ಏನಾಯ್ತು?' ಎಂದು ಕೇಳುವ ಓದುಗರಿಗೆ ಕೊಡಬೇಡಿ. ಸಿಟ್ಟಿನಿಂದ ವಾಪಸು ತಂದುಕೊಡುತ್ತಾರೆ.

ಕತೆ ಬೇಕು, ತಿರುವು ಬೇಕು, ರಾತ್ರಿ ನಿದ್ದೆಗೆಡಬೇಕು ಎನ್ನುವವರಿಗೆ ಕನ್ನಡದಲ್ಲಿ ಈಗ ಸುಗ್ಗಿ ಐತಿಹಾಸಿಕ ಕಾದಂಬರಿಯದು. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಖಾಲಿ ಬಿಟ್ಟುಹೋದ ಜಾಗಕ್ಕೆ ಕೆ.ಎನ್. ಗಣೇಶಯ್ಯನವರು ಬಂದದ್ದು ಇದೇ ಬಾಗಿಲಿನಿಂದ. ಅವರು ಕೃಷಿ ವಿಜ್ಞಾನಿ. ಶಾಸನ, ನಾಣ್ಯ, ಗುಹೆಯ ಚಿತ್ರಗಳನ್ನು ಸುಳಿವಾಗಿಟ್ಟು 'ಕರಿಸಿರಿಯಾನ', 'ಕಪಿಲಿಪಿಸಾರ'ದಂಥ ರೋಚಕ ಕಾದಂಬರಿ ಬರೆದರು, ಅಡಿಟಿಪ್ಪಣಿಯ ಸಮೇತ. ಪಾತ್ರಗಳು ತೆಳ್ಳಗೆ, ಮಾತೆಲ್ಲ ಮಾಹಿತಿ ಎಂಬ ದೂರು ನಿಜವೇ. ಆದರೂ ಕಾಲೇಜು ಹುಡುಗರನ್ನು ಕನ್ನಡ ಪುಸ್ತಕದ ಕಪಾಟಿನತ್ತ ಎಳೆತರುವ ಶಕ್ತಿ ಅವರಿಗಿದೆ.

ಇಲ್ಲೊಂದು ಸೊಗಸಾದ ಹೋಲಿಕೆಗೆ ಅವಕಾಶವಿದೆ. ಗೇರುಸೊಪ್ಪೆಯಲ್ಲಿ ಕುಳಿತು 16ನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ಮೆಣಸಿನ ವ್ಯಾಪಾರವನ್ನೂ ಯುದ್ಧವನ್ನೂ ಮಾಡಿದ ರಾಣಿ ಚೆನ್ನಭೈರಾದೇವಿಯ ಮೇಲೆ ಗಣೇಶಯ್ಯನವರದು 'ಬಳ್ಳಿಕಾಳ ಬೆಳ್ಳಿ', ಗಜಾನನ ಶರ್ಮರದು 'ಚೆನ್ನಭೈರಾದೇವಿ'. ಮೊದಲನೆಯದರಲ್ಲಿ ರಾಣಿ ಬಿಡಿಸಬೇಕಾದ ಒಗಟು, ಎರಡನೆಯದರಲ್ಲಿ ಬದುಕಿದ ಹೆಂಗಸು. ಎರಡನ್ನೂ ಓದಲು ಪುರುಸೊತ್ತಿಲ್ಲದವರು ಶರ್ಮರನ್ನು ಓದಲಿ. ಅವರ ಕಾದಂಬರಿಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು 'ಪುನರ್ವಸು'. ಜೋಗದ ವಿದ್ಯುತ್ ಯೋಜನೆ, ಅದಕ್ಕಾಗಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು, ಮುಳುಗಿದ ಭಾರಂಗಿ ಸೀಮೆ. ಮುಂದೆ ಲಿಂಗನಮಕ್ಕಿಯ ನೀರಿನಲ್ಲಿ ಆ ಅಣೆಕಟ್ಟೇ ಮುಳುಗಿತು. ಶರ್ಮರು ವಿದ್ಯುತ್ ಇಲಾಖೆಯಲ್ಲೇ ಎಂಜಿನಿಯರ್ ಆಗಿದ್ದವರು. ದೀಪ ಹೊತ್ತಿಸುವ ಹೆಮ್ಮೆಯನ್ನೂ ಮುಳುಗಡೆಯ ದುಃಖವನ್ನೂ ಒಂದೇ ಕೈ ಬರೆದಿರುವುದು ಈ ಪುಸ್ತಕದ ಬಲ. ಅಲ್ಲಲ್ಲಿ ವಿವರ ಹೆಚ್ಚಾಗಿ ಕಡತ ಓದಿದಂತಾಗುತ್ತದೆ. ಅಂಥ ಪುಟಗಳನ್ನು ದಾಟಿಸಿಕೊಂಡು ಹೋಗಲು ನನ್ನ ಅನುಮತಿ ಇದೆ.

ವಸುಧೇಂದ್ರರ 'ತೇಜೋ ತುಂಗಭದ್ರಾ' 2019ರದು. ಅದನ್ನು ಓದಿಲ್ಲದವರು ಇನ್ನೂ ಇದ್ದಾರೆಂದು ತಿಳಿದಾಗಲೆಲ್ಲ ನನಗೆ ಅಸೂಯೆಯಾಗುತ್ತದೆ. ಲಿಸ್ಬನ್ನಿನ ತೇಜೋ ನದಿಯ ದಡದಲ್ಲಿ ಗೇಬ್ರಿಯಲ್ ಮತ್ತು ಯಹೂದಿ ಹುಡುಗಿ ಬೆಲ್ಲಾ, ಇತ್ತ ತುಂಗಭದ್ರೆಯ ದಡದಲ್ಲಿ ಹಂಪಮ್ಮ ಮತ್ತು ಕೇಶವ. ಒಂದೂರಿನಲ್ಲಿ ಧರ್ಮದ ಹೆಸರಿನ ಕ್ರೌರ್ಯ, ಇನ್ನೊಂದೂರಿನಲ್ಲಿ ಒಡೆಯನಿಗಾಗಿ ಲೆಂಕರ ಪ್ರಾಣಾರ್ಪಣೆ, ಸಹಗಮನ. ಎರಡನ್ನೂ ಬೆಸೆಯುವುದು ಮೆಣಸಿನ ದುರಾಸೆ. ವಿಜಯನಗರವೆಂದರೆ ಮುತ್ತುರತ್ನ ಅಳೆದ ಬೀದಿ ಎಂದಷ್ಟೇ ಕಲಿತ ನಮಗೆ ಇದು ಒಳ್ಳೆಯ ಮದ್ದು. ಮೈತ್ರೇಯಿ ಕರ್ನೂರರ ಇಂಗ್ಲಿಷ್ ಅನುವಾದವೂ ಇದೆ, ಕನ್ನಡ ಓದಲಾರದ ಮಕ್ಕಳಿಗೆ ಕೊಡಬಹುದು. ಹಿಂಸೆಯ ವರ್ಣನೆ ತಡೆಯಲಾರದವರು ಮಾತ್ರ ಎಚ್ಚರದಿಂದ ಹಿಡಿಯಲಿ, ಕೆಲವು ಪುಟಗಳು ಕಣ್ಣೆದುರಿನಿಂದ ಹೋಗುವುದೇ ಇಲ್ಲ. 2022ರಲ್ಲಿ ಬಂದ ಅವರ 'ರೇಷ್ಮೆ ಬಟ್ಟೆ'ಯ ಹರವು ಇನ್ನೂ ದೊಡ್ಡದು, ಹಿಡಿತ ಸ್ವಲ್ಪ ಸಡಿಲ.

ಹೊರನಾಡಿನಲ್ಲಿ ಕುಳಿತು ಬರೆದದ್ದರಲ್ಲಿ ಅಮೆರಿಕದ ಮಿನೆಸೋಟದಲ್ಲಿ ವೈದ್ಯರಾಗಿರುವ ಗುರುಪ್ರಸಾದ ಕಾಗಿನೆಲೆಯವರ 'ಹಿಜಾಬ್' ತೆಗೆದುಕೊಳ್ಳಿ. ತವರಿನ ಹಬ್ಬ ನೆನೆದು ಕಣ್ಣೀರಿಡುವ ಅನಿವಾಸಿ ಬರವಣಿಗೆಯಿಂದ ಇದು ಬಲು ದೂರ. ಆಸ್ಪತ್ರೆ, ಕಾನೂನು, ಸಿಸೇರಿಯನ್ ಬೇಡವೆನ್ನುವ ವಲಸಿಗ ಹೆಂಗಸರು, ತಾವೂ ವಲಸಿಗರೇ ಆದ ಭಾರತೀಯ ವೈದ್ಯರು. ಮಗ, ಸೊಸೆ ಅಮೆರಿಕದಲ್ಲಿರುವ ಅಪ್ಪ ಅಮ್ಮಂದಿರು ಓದಬೇಕಾದದ್ದು.

ಸಣ್ಣಕತೆಯಲ್ಲಿ ಹೊಸಬರನ್ನು ಹುಡುಕುವವರಿಗೆ ಒಂದು ಸುಲಭದ ದಾರಿಯಿದೆ. ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಮೂವತ್ತೈದರೊಳಗಿನವರಿಗೆ ಮಾತ್ರ. ದೊಡ್ಡ ಪ್ರಶಸ್ತಿಗಳಲ್ಲಿ ಹಿರಿತನಕ್ಕೆ, ಸರದಿಗೆ ಸಲ್ಲುವ ಮರ್ಯಾದೆ ಇಲ್ಲಿ ಕಡಿಮೆ, ಹಾಗಾಗಿ ಪಟ್ಟಿ ಹೆಚ್ಚು ನಂಬಿಕೆಗೆ ಅರ್ಹ. ಸ್ವಾಮಿ ಪೊನ್ನಾಚಿಯವರ 'ಧೂಪದ ಮಕ್ಕಳು' (2020ರ ಪುರಸ್ಕಾರ) ಮಾದಪ್ಪನ ಬೆಟ್ಟದ ಸೀಮೆಯದು. ದಾದಾಪೀರ್ ಜೈಮನ್ ಅವರ 'ನೀಲಕುರಿಂಜಿ' (2022) ನಮ್ಮ ಕತೆಗಳಲ್ಲಿ ಪಿಸುಮಾತಾಗಿದ್ದ ದೇಹದ, ಲೈಂಗಿಕತೆಯ ಪ್ರಶ್ನೆಗಳನ್ನು ನೇರ ಎತ್ತಿಕೊಳ್ಳುತ್ತದೆ. 2023ರಲ್ಲಿ ಪುರಸ್ಕಾರ ಬಂದದ್ದು ಮಂಜುನಾಯಕ ಚಳ್ಳೂರರ 'ಫೂ ಮತ್ತು ಇತರ ಕತೆಗಳು' ಸಂಕಲನಕ್ಕೆ. ಮೂರರಲ್ಲಿ ಒಂದೇ ಕೊಳ್ಳುವಷ್ಟು ದುಡ್ಡಿದ್ದರೆ 'ನೀಲಕುರಿಂಜಿ' ಕೊಳ್ಳಿ. ಈ ಪಟ್ಟಿಯ ಹೊರಗೆ ಕಪಿಲ ಪಿ. ಹುಮನಾಬಾದೆಯವರ 'ಹಾಣಾದಿ' ಎಂಬ ಕಿರುಕಾದಂಬರಿ ಇದೆ, ಬೀದರ್ ಕಡೆಯ ಮಾತಿನಲ್ಲಿ. ಹಳೆ ಮೈಸೂರಿನವರಿಗೆ ಮೊದಲ ಪುಟಗಳು ತೊಡಕೆನಿಸುತ್ತವೆ. ಗಟ್ಟಿಯಾಗಿ ಓದಿಕೊಂಡರೆ ತೊಡಕು ಬಿಡುತ್ತದೆ.

ಆತ್ಮಕತೆಗಳ ವಿಷಯದಲ್ಲಿ ನನ್ನದು ಒಂದು ಪಕ್ಷಪಾತ: ಗೆದ್ದವರ ಆತ್ಮಕತೆ ನನಗೆ ಹಿಡಿಸುವುದಿಲ್ಲ. ಹಾಗಾಗಿ ವಿಜಯಾ ಅವರ 'ಕುದಿ ಎಸರು'. ಪತ್ರಿಕೋದ್ಯಮ, ರಂಗಭೂಮಿ, ಸಿನಿಮಾ ಎಲ್ಲದರಲ್ಲೂ ಹೆಸರು ಮಾಡಿದ ಹೆಣ್ಣುಮಗಳೊಬ್ಬಳು ಮನೆಯೊಳಗೆ ತಿಂದ ಹೊಡೆತದ ಕತೆ. 2019ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಮಂಜಮ್ಮ ಜೋಗತಿಯವರ ಬದುಕನ್ನು ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ 'ನಡುವೆ ಸುಳಿವ ಹೆಣ್ಣು' ಅದರ ಪಕ್ಕ ಇಡಬೇಕಾದ ಪುಸ್ತಕ. ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದ ಅವರನ್ನು ಟೀವಿಯಲ್ಲಿ ನೋಡಿ ಚಪ್ಪಾಳೆ ತಟ್ಟಿದವರು, ಅಲ್ಲಿಯವರೆಗಿನ ದಾರಿ ಎಂಥದ್ದೆಂದು ತಿಳಿಯಲು ಓದಲಿ. ಪುರುಷೋತ್ತಮ ಬಿಳಿಮಲೆಯವರ 'ಕಾಗೆ ಮುಟ್ಟಿದ ನೀರು' ಸುಳ್ಯದ ಕಾಡಿನಂಚಿನಿಂದ ಹೊರಟು ಹಂಪಿ ಹಾದು ದೆಹಲಿ ಮುಟ್ಟುತ್ತದೆ. ಮೊದಲರ್ಧಕ್ಕೆ ಸಾಟಿಯಿಲ್ಲ, ದೆಹಲಿಯ ಭಾಗದಲ್ಲಿ ಸಂಸ್ಥೆಗಳು, ಸಮಾರಂಭಗಳು ಸ್ವಲ್ಪ ಜಾಸ್ತಿಯಾದವು.

ವಿಚಾರ ಸಾಹಿತ್ಯಕ್ಕೆ ಕೆ.ವಿ. ನಾರಾಯಣರ 'ನುಡಿಗಳ ಅಳಿವು' ಒಂದೇ ಸಾಕು. 2024ರ ಅಕಾಡೆಮಿ ಪ್ರಶಸ್ತಿ ಇದಕ್ಕೆ. ಕನ್ನಡ ಸಾಯುತ್ತಿದೆ ಎಂದು ನವೆಂಬರಿನಲ್ಲಿ ಮಾತ್ರ ಎದೆ ಬಡಿದುಕೊಳ್ಳುವವರಿಗೆ ಇದು ರುಚಿಸದು. ಆತುರದ ಓದಿಗೂ ಬಗ್ಗದು. ವಿಜ್ಞಾನದಲ್ಲಿ ನಾಗೇಶ ಹೆಗಡೆಯವರ ಯಾವ ಪುಸ್ತಕವಾದರೂ ಸರಿ. ಹೈಸ್ಕೂಲಿನ ಮಕ್ಕಳಿಗಾದರೆ ಗ್ರೇತಾ ಥನ್‌ಬರ್ಗ್ ಕುರಿತು ಅವರು ಬರೆದ ಪುಸ್ತಕ ಕೊಡಿ. ಈ ಪ್ರಕಾರದಲ್ಲಿ ಅವರ ನಂತರದ ಪೀಳಿಗೆಯ ಪುಸ್ತಕಗಳು ಅಂಗಡಿಯಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ, ಪತ್ರಿಕೆಯ ಅಂಕಣಗಳಲ್ಲಿ ಮಾತ್ರ ಅವರು ಸಿಗುತ್ತಾರೆ.

ಕವಿತೆಯನ್ನು ಶಿಫಾರಸು ಮಾಡುವ ಧೈರ್ಯ ನನಗಿಲ್ಲ. ಶ್ರುತಿ ಬಿ.ಆರ್. ಅವರ 'ಜೀರೋ ಬ್ಯಾಲೆನ್ಸ್' 2024ರ ಯುವ ಪುರಸ್ಕಾರ ಪಡೆಯಿತೆಂದು ಹೇಳಿ ಸುಮ್ಮನಾಗುತ್ತೇನೆ. ಅಂಗಡಿಯಲ್ಲಿ ನಿಂತೇ ಎರಡು ಕವಿತೆ ಓದಿ ನೋಡಿ, ಯಾರೂ ಬೇಡವೆನ್ನುವುದಿಲ್ಲ.

ಮಕ್ಕಳ ಪುಸ್ತಕಗಳಲ್ಲಿ ಕತೆ ಬೇರೆ. ದುಡ್ಡು ಕೊಡುವವರು ದೊಡ್ಡವರಾದ್ದರಿಂದ, ತಾವು ಚಿಕ್ಕಂದಿನಲ್ಲಿ ಓದಿದ ಪಂಚತಂತ್ರ, ತೆನಾಲಿ ರಾಮನನ್ನೇ ಮತ್ತೆ ಕೊಳ್ಳುತ್ತಾರೆ. ಹೊಸ ಲೇಖಕರ ಪುಸ್ತಕ ಅಂಗಡಿಯ ಒಳಗಿನ ಸಾಲಿನಲ್ಲಿ ಧೂಳು ತಿನ್ನುತ್ತದೆ. ಇಲ್ಲೂ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿ ನೆರವಿಗೆ ಬರುತ್ತದೆ. ಸಿದ್ದಾಪುರದ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' (2022), ಕೃಷ್ಣಮೂರ್ತಿ ಬಿಳಿಗೆರೆಯವರ 'ಛೂಮಂತ್ರಯ್ಯನ ಕಥೆಗಳು' (2024), ಇವೆರಡರ ನಡುವೆ 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಕುಂದಾಪುರ ಸೀಮೆಯ ಪರಿಸರದಿಂದ ಬಂದ ಈ ಬರವಣಿಗೆಯಲ್ಲಿ ನೀತಿಪಾಠದ ಕಾಟವಿಲ್ಲ. ಹತ್ತು ವರ್ಷದ ಮೇಲಿನವರಿಗೆ ಸರಿ. ಅಪಾರ್ಟ್‌ಮೆಂಟಿನಲ್ಲಿ ಬೆಳೆಯುವ ಮಗುವಿಗಾದರೆ ಆ ಕಡೆಯ ಗಿಡ, ಹಕ್ಕಿಗಳ ಹೆಸರು ಗೊತ್ತಿರುವ ಅಜ್ಜಿಯೋ ಅತ್ತೆಯೋ ಪಕ್ಕದಲ್ಲಿ ಕೂತು ಓದಿ ಹೇಳಿದರೆ ಚೆನ್ನ. ಪುಸ್ತಕ ಮುಂದಿನ ಸಾಲಿನಲ್ಲಿ ಕಾಣದಿದ್ದರೆ ಹೆಸರು ಹೇಳಿ ಕೇಳಿ, ಒಳಗಿನಿಂದ ತಂದುಕೊಡುತ್ತಾರೆ.